ಸಂತೇಬೆನ್ನೂರಿನ ಎಡಮೂಲೆ

೧೯೮೧ ಫೆಬ್ರುವರಿ ೮, ಭಾನುವಾರ, ಮಧ್ಯಾಹ್ನ ಮೂರು ಗಂಟೆ. ಚನ್ನಗಿರಿ ಬಸ್ಸಿಗಾಗಿ ಸಂತೇಬೆನ್ನೂರಿನ ಹೋಟೆಲೊಂದರಲ್ಲಿ ಕುಳಿತಿದ್ದೆ. ಸಂಜೆ ನಲ್ಲೂರಿನವರ ಮೇಲೆ ಕಬಡ್ಡಿ ಪಂದ್ಯ. ಎಡಮೂಲೆಯಲ್ಲಿ ನಿಂತು ಹಿಡಿಯುತ್ತಿದ್ದ ಬಸಣ್ಣ ಹೋದ ವರ್ಷ ತೀರಿಕೊಂಡ ಮೇಲೆ ಊರ ತಂಡ ಆ ಜಾಗ ಖಾಲಿ ಬಿಟ್ಟು ಏಳರ ಬದಲು ಆರೇ ಜನರೊಂದಿಗೆ ಆಡುತ್ತಿತ್ತಂತೆ. ಇವತ್ತು ಆಟ ಕಲಿಸುವ ಮೇಷ್ಟ್ರು ಹೋಟೆಲಿನ ರುದ್ರಪ್ಪನ ತಮ್ಮ ಮಂಜನನ್ನು ಅಲ್ಲಿಗೆ ಹಾಕಿದ್ದರು.

“ಮೂಲೆ ಖಾಲಿ ಬಿಟ್ಟು ನಲ್ಲೂರಿನೋರನ್ನ ಹಿಡಿಯಾಕೆ ಆಗ್ತೈತೇನ್ರೀ?” ಎಂದರು ಮೇಷ್ಟ್ರು.

“ಹಂಗೇ ಆಡಿ ನಾಲ್ಕೂ ಪಂದ್ಯ ಗೆದ್ದಿಲ್ವಾ ಸಾರ್? ಆ ಖಾಲಿ ಮೂಲೆ ಕಡೆ ಬರಾಕೇ ಎದುರಿನೋರು ಹೆದರ್ತಾರೆ,” ಎಂದ ರುದ್ರಪ್ಪ.

“ತಮ್ಮನ್ನ ತೊಟ್ಟಿಲಾಗೆ ಹಾಕಿ ತೂಗು ಹೋಗಪ್ಪ,” ಎಂದು ಒಬ್ಬ ಗಿರಾಕಿ ನಕ್ಕ.

ಅಷ್ಟರಲ್ಲಿ ಅಭ್ಯಾಸ ಮುಗಿಸಿ ಮಂಜ ಬಂದ. “ಪಕ್ಕದ ತಿಪ್ಪೇಶಿ ನನ್ನ ಬಲಗೈ ಹಿಡ್ಕಂಡಿದ್ದ. ಎಡಗೈ ಯಾರು ಹಿಡ್ಕಂಡಿದ್ದು?” ಎಂದು ಕೇಳಿದ.

ಎಡಮೂಲೆಯವನ ಎಡಕ್ಕೆ ಸುಣ್ಣದ ಗೆರೆ ಬಿಟ್ಟರೆ ಯಾರೂ ಇರುವುದಿಲ್ಲ.

“ನೀನು ಆಡಬ್ಯಾಡ,” ಎಂದ ರುದ್ರಪ್ಪ.

“ಆಡ್ತೀನಣ್ಣ. ಅಂಥ ಗಟ್ಟಿ ಹಿಡಿತ ನಾನು ಕಂಡೇ ಇಲ್ಲ,” ಎಂದು ಮಂಜ ಅಂಗಳಕ್ಕೆ ಹೊರಟ.

ನನ್ನ ಬಸ್ಸು ಬಂತು. ಅವನು ಆ ಸಂಜೆ ಮನೆಗೆ ಮರಳಿದನೇ ಎಂಬುದನ್ನು ಬಲ್ಲವರು ದಯವಿಟ್ಟು ನನಗೊಂದು ಕಾರ್ಡು ಬರೆಯಿರಿ.