ಅಳೆಯದ ಗಾಳಿ

ನಾಸಿಕ್ ನಗರದ ಆ ಮನೆಯ ಮಾಳಿಗೆಗೆ ಮೆಟ್ಟಿಲು ಹೊರಗಿನಿಂದಿತ್ತೋ, ಅಡುಗೆಮನೆಯ ಮೂಲಕವೋ, ಈಗ ಖಚಿತವಿಲ್ಲ. ಅಡುಗೆಮನೆಯ ಮೂಲಕ ಎಂದುಕೊಂಡರೆ ಮುಂದಿನ ಮಾತುಕತೆಗೆ ಅನುಕೂಲ, ಅದಕ್ಕೇ ಅನುಮಾನ. ಮಾಳಿಗೆಯ ಮೇಲೆ ಗಾಳಿಯ ಮಾಲಿನ್ಯ ಅಳೆಯುವ, ನಮ್ಮ ಕಚೇರಿಯ ಯಂತ್ರವಿತ್ತು. ಅದು ಇಡೀ ದಿನ ಗಾಳಿ ಎಳೆದುಕೊಂಡು ಧೂಳನ್ನು ಬಿಳಿ ಸೋಸುಕಾಗದದ ಮೇಲೆ ಕೂರಿಸುತ್ತಿತ್ತು. ನಾನು ಕಾಗದವನ್ನು ತೂಗಿ, ಅದರ ಒಂದು ತುಂಡನ್ನು ಆಮ್ಲದಲ್ಲಿ ಕುದಿಸಿ, ಸೀಸ, ಸತು ಎಷ್ಟಿದೆ ಎಂದು ನೋಡುತ್ತಿದ್ದೆ. ಅದಕ್ಕೂ ಮುಂಚೆ ಇದೇ ಕೆಲಸವನ್ನು ಮಂಗಳೂರಿನಲ್ಲಿ ಮಾಡಿದ್ದೆ.

ಆ ಮನೆಯ ಯಜಮಾನರು ಬೀದರ ಕಡೆಯವರು, ಬ್ಯಾಂಕ್ ನೌಕರರು. ಅವರಿಗೆ ಮಂಗಳೂರಿಗೇ ವರ್ಗವಾಯಿತು. ಸಮುದ್ರದ ಗಾಳಿ ಒಳ್ಳೆಯದೆಂದು, ದಮ್ಮಿನ ಕಾಯಿಲೆಯ ತಾಯಿಯನ್ನೂ ಕರೆದೊಯ್ಯುವವರಿದ್ದರು. ತಾಯಿಗೆ ಮಾತ್ರ ಔರಂಗಾಬಾದಿನ ಮಗಳ ಮನೆಗೆ ಹೋಗಬೇಕಿತ್ತು. ಈಗಿನ ಛತ್ರಪತಿ ಸಂಭಾಜಿನಗರಕ್ಕೆ ಆಗ ಆ ಹೆಸರು.

ಒಂದು ಬೆಳಿಗ್ಗೆ ಮಾಳಿಗೆಗೆ ಹೊರಟ ನನ್ನನ್ನು ಆಕೆ, ಅಡುಗೆಮನೆಯಲ್ಲೇ ಇರಬೇಕು, ತಡೆದು ನಿಲ್ಲಿಸಿದರು.

"ತಮ್ಮಾ, ನೀವು ಮಂಗಳೂರಾಗೂ ಅಳದೀರಲ್ಲ. ಯಾವ ಕಾಗದ ವಜ್ಜ ಬಂತ್ರಿ, ಅಲ್ಲಿದೋ ಇಲ್ಲಿದೋ?"

"ಅಲ್ಲಿದೇ ಭಾರ, ಆಯಿ. ಆದ್ರ ಅದರಾಗ ಸಮುದ್ರದ ಉಪ್ಪು..."

"ಕೇಳಿದ್ಯಾ?" ಎಂದು ಆಕೆ ಬಚ್ಚಲಮನೆಯ ಕಡೆ ಕೂಗಿದರು. "ಅಲ್ಲಿದೇ ವಜ್ಜ ಅಂತ."

ಮಗ ಅರ್ಧ ಸಾಬೂನಿನ ಮುಖದಲ್ಲೇ ಬಂದರು. "ಮತ್ತ ಸೀಸ, ಸತು?"

"ಅವು ಇಲ್ಲೇ ಜಾಸ್ತಿ ಅದಾವ್ರಿ," ಎಂದೆ. ಕಾರ್ಖಾನೆಗಳು ಹತ್ತಿರವಿದ್ದವು.

"ಹಂಗಾರ ಇಲ್ಲಿರೂದು ಬ್ಯಾಡ."

"ಇಲ್ಲಿರ್ತೀನಿ ಅಂತ ಯಾರಂದ್ರು? ಔರಂಗಾಬಾದಿಗೆ ಹೊಂಟೀನಿ."

"ಅಲ್ಲಿ ಗಾಳಿ ಹ್ಯಾಂಗದನೋ, ಇವರು ಅಳದೇ ಇಲ್ಲ."

"ಅದಕ್ಕೇ ಚಲೋ ಅದ."

ಮಗ ನನ್ನ ಕಡೆ ನೋಡಿದರು. ಆ ಊರಿನ ಅಂಕಿ ನನ್ನ ಬಳಿ ಇರಲಿಲ್ಲ. ಆಕೆ ಗೆದ್ದದ್ದು ಆ ಮಾತಿನಿಂದಲೋ, ಮಗಳು ಫೋನಿನಲ್ಲಿ ಜಗಳವಾಡಿದ್ದರಿಂದಲೋ ಗೊತ್ತಿಲ್ಲ. ಅಂತೂ ಔರಂಗಾಬಾದಿನ ಬಸ್ಸು ಹತ್ತಿದರು.

ಕೆಲವು ವರ್ಷಗಳ ನಂತರ ಆ ಊರಿನ ಗಾಳಿಯನ್ನೂ ಅಳೆಯಲು ನನ್ನನ್ನು ಕಳಿಸಿದರು. ಪರಿಚಯದವರ ಮಾಳಿಗೆ ಸಿಕ್ಕರೆ ಸುಲಭವೆಂದು ಮಗನಿಂದ ವಿಳಾಸ ಕೇಳಿಕೊಂಡು ನೇರವಾಗಿ ಆ ಮಗಳ ಮನೆಗೆ ಹೋದೆ. ಆಯಿ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದರು. ಉಸಿರಿನ ಸಿಳ್ಳು ಹಾಗೇ ಇತ್ತು. ಚಹಾ ಮಾಡಿಸಿ ಕೊಟ್ಟರು. ಬಂದ ಕೆಲಸ ಹೇಳಿದೆ.

"ನಮ್ಮ ಮಾಳಿಗಿ ಮ್ಯಾಲ ಬ್ಯಾಡ್ರಿ, ತಮ್ಮಾ. ನೀವು ಅಳೀತೀರಿ, ಮಗ ಫೋನ್ ಮಾಡಿ ಕೇಳ್ತಾನ. ಆಮ್ಯಾಲ ನನ್ನ ಇಲ್ಲಿಂದೂ ಎಬ್ಬಸ್ತಾನ."

ಯಂತ್ರವಿಡಲು ಎದುರು ಮನೆಯವರು ಒಪ್ಪಿದರು. ಅಲ್ಲಿನ ಗಾಳಿ ಹೇಗಿದೆ ಎಂದು ಮಗ ಮಂಗಳೂರಿನಿಂದ ಫೋನ್ ಮಾಡಿ ಕೇಳಿದಾಗ, ನಿಮ್ಮ ತಂಗಿಯ ಮನೆಯ ಮೇಲೆ ಅಳೆದಿಲ್ಲ ಎಂದೆ.