ಹಾಕದೆ ಉಳಿದ ಬ್ರೇಕ್ ಪೈಪು

ನನಗೆ ಕೋಪ ಮೂಗಿನ ತುದಿಯಲ್ಲೇ. ತುಮಕೂರಿನಲ್ಲಿ ಗ್ಯಾರೇಜು ಇಟ್ಟು ಮೂವತ್ತು ವರ್ಷವಾಯಿತು. ಕೆಲಸ ಸರಿಯಾಗಿ ಮಾಡುತ್ತಾನಲ್ಲ, ಬೈದರೆ ಬೈಯಲಿ ಎಂದು ಗಿರಾಕಿಗಳು ಸುಮ್ಮನಾಗಿಬಿಟ್ಟಿದ್ದಾರೆ. ಮಗಳು ಮಾತ್ರ ಒಂದಕ್ಕೆರಡು ಎದುರು ಮಾತಾಡುತ್ತಾಳೆ. ಹಾಗಾಗಿ ಅವಳಿಗೆ ನನ್ನ ಹೆದರಿಕೆ ಇಲ್ಲವೆಂದೇ ತಿಳಿದಿದ್ದೆ.

ಕಾಲೇಜಿನ ಆಫೀಸಿನಲ್ಲಿ ಅವಳಿಗೆ ಕೆಲಸ. ಭಾನುವಾರಗಳಲ್ಲಿ ಕೆಲವರು ಕುಣಿಗಲ್ ಕಡೆಯ ಒಂದು ಕೆರೆಯಂಗಳದಲ್ಲಿ ಹಳೇ ಜೀಪುಗಳನ್ನು ಕೆಸರಿಗೆ ಇಳಿಸಿ ಓಡಿಸುತ್ತಾರೆ. ಅದನ್ನೊಮ್ಮೆ ನೋಡಿ ಬಂದವಳಿಗೆ ಹುಚ್ಚು ಹಿಡಿಯಿತು. ನಮ್ಮ ಹಳೇ ಪಿಕಪ್ಪನ್ನು ಅದಕ್ಕೆ ರೆಡಿ ಮಾಡಿಕೊಡು ಅಂತ ಗಂಟುಬಿದ್ದಳು. ಕೆಸರಿನಲ್ಲಿ ಹೊರಳಾಡಲು ಎಮ್ಮೆಗಳು ಸಾಲವೇ ಎಂದು ಕೇಳಿದೆ. ಆಗಲ್ಲ ಅಂದ್ರೆ ಬೇರೆ ಗ್ಯಾರೇಜಿಗೆ ಕೊಡುತ್ತೇನೆ ಅಂದಳು. ಅಷ್ಟು ಸಾಕಾಯಿತು ನನಗೆ.

ಸ್ಪ್ರಿಂಗ್ ಪ್ಲೇಟುಗಳ ಕೆಳಗೆ ಕಬ್ಬಿಣದ ಬ್ಲಾಕು ಕೊಟ್ಟು ಗಾಡಿಯನ್ನು ನಾಲ್ಕಿಂಚು ಎತ್ತರಿಸಿದೆ. ಹಲ್ಲು ಹಲ್ಲಿನ ದೊಡ್ಡ ಟೈರು ತರಿಸಿದೆ. ಗಾಡಿ ಎತ್ತರವಾದರೆ ಚಾಸಿಯಿಂದ ಹಿಂದಿನ ಆಕ್ಸಲ್‌ಗೆ ಹೋಗುವ ರಬ್ಬರಿನ ಬ್ರೇಕ್ ಪೈಪು ಗಿಡ್ಡವಾಗುತ್ತದೆ, ಉದ್ದದ್ದು ಹಾಕಬೇಕು. ಅದನ್ನೂ ತಂದಿದ್ದೆ. ಹಾಕಲು ಕೂತಾಗಲೇ ಅವಳು ಬಂದು, ಟೈರು ಮಡ್‌ಗಾರ್ಡಿಗೆ ಉಜ್ಜುತ್ತೆ, ಇಲ್ಲಿ ಕತ್ತರಿಸಬೇಕು ಅಂತ ಬೆರಳಿಟ್ಟು ತೋರಿಸಿದಳು. ಎಲ್ಲಿ ಕತ್ತರಿಸಬೇಕೆಂದು ನನಗೆ ಹೇಳಿಕೊಡುವುದೇ? ಮಾತಿಗೆ ಮಾತು ಬೆಳೆಯಿತು. ಸ್ಪ್ಯಾನರ್ ಎಸೆದು ಕಾಫಿಗೆ ಹೋದೆ. ವಾಪಸ್ಸು ಬಂದವನು ಮುಖ ಊದಿಸಿಕೊಂಡೇ ಮಡ್‌ಗಾರ್ಡು ಕತ್ತರಿಸಿದೆ. ಅವಳು ತೋರಿಸಿದ ಜಾಗದಲ್ಲೇ ಕತ್ತರಿಸಬೇಕಾಯಿತು. ಮಾರನೇ ದಿನ ಗುಬ್ಬಿವರೆಗೆ ಓಡಿಸಿಕೊಂಡು ಬಂದೆ, ಬ್ರೇಕು ಚೆನ್ನಾಗಿಯೇ ಹಿಡಿಯಿತು.

ಭಾನುವಾರ ಬೆಳಿಗ್ಗೆ ಅವಳು ಹೊರಟುಹೋದ ಮೇಲೆ ಬೆಂಚು ಒತ್ತರಿಸುತ್ತಿದ್ದೆ. ಚಿಂದಿ ಬಟ್ಟೆಯ ಕೆಳಗೆ ಹೊಸ ಪೈಪು ಸಿಕ್ಕಿತು, ಕವರು ಕೂಡ ಹರಿದಿರಲಿಲ್ಲ.

ಸಮ ರಸ್ತೆಯಲ್ಲಿ ಹಳೇ ಪೈಪು ಹೇಗೋ ಎಟುಕುತ್ತದೆ. ಹಳ್ಳದ ಮೇಲೆ ಚಕ್ರ ನೇತಾಡಿದರೆ ಆಕ್ಸಲ್ ಕೆಳಗೆ ಇಳಿಯುತ್ತದೆ, ಪೈಪು ಎಳೆದುಕೊಳ್ಳುತ್ತದೆ. ಆಗ ಬ್ರೇಕ್ ತುಳಿದರೆ ಕಿತ್ತು ಬರುತ್ತದೆ. ಹಳೇ ಗಾಡಿ, ಬ್ರೇಕಿಗೆ ಒಂದೇ ಲೈನು, ಒಂದು ಕಡೆ ಹೋದರೆ ನಾಲ್ಕು ಚಕ್ರಕ್ಕೂ ಇಲ್ಲ. ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಗಾಡಿ ಓಡಿಸುವಾಗ ಫೋನು ಡ್ಯಾಶ್‌ಬೋರ್ಡಿನ ಒಳಗಿರಬೇಕು ಎಂದು ಕಟ್ಟಪ್ಪಣೆ ಮಾಡಿದವನೂ ನಾನೇ.

ಸ್ಕೂಟರ್ ತೆಗೆದುಕೊಂಡು ಹೆಬ್ಬೂರಿನ ಮೇಲೆ ಕುಣಿಗಲ್ಲಿಗೆ ಹೊರಟೆ. ಹೆಬ್ಬೂರು ದಾಟಿದ ಮೇಲೆ ರಸ್ತೆ ಪಕ್ಕ ಜನ ಗುಂಪುಗೂಡಿದ್ದರು. ಇಳಿದು ಓಡಿ, ಜನರನ್ನು ತಳ್ಳಿ ನೋಡಿದೆ. ಟೆಂಪೋದಲ್ಲಿ ಹಲಸಿನ ಹಣ್ಣು ಮಾರುತ್ತಿದ್ದರು. ಯಡಿಯೂರು ಸಿದ್ಧಲಿಂಗೇಶ್ವರನಿಗೆ ಹರಕೆ ಹೊರೋಣ ಅಂದುಕೊಂಡೆ, ಏನೆಂದು ಕೇಳಿಕೊಳ್ಳಬೇಕೋ ತಿಳಿಯಲಿಲ್ಲ. ತಪ್ಪು ಮಾಡಿದವನು ನಾನು, ಸ್ಟಿಯರಿಂಗ್ ಹಿಡಿದವಳು ಅವಳು.

ನಾನು ಕೆರೆ ಮುಟ್ಟುವಾಗ ನಮ್ಮ ಪಿಕಪ್ಪು ಏರಿಯ ಮೇಲಿತ್ತು, ಮೂತಿ ಕೆಳಗೆ ಮಾಡಿ ಇಳಿಯಲು ತಯಾರಾಗಿತ್ತು. ಇಳಿಜಾರಿನ ಬುಡದಲ್ಲಿ ಬಲಕ್ಕೆ ತೂಬಿನ ಕಲ್ಲುಕಟ್ಟೆ, ಎಡಕ್ಕೆ ಕೆಸರು. ನಿಲ್ಲಿಸು ಅಂತ ಕೂಗಲು ಕೈ ಎತ್ತಿದೆ. ಅಷ್ಟರಲ್ಲಿ ಗಾಡಿ ಇಳಿಯತೊಡಗಿತು, ನನಗೆ ಹೊಳೆಯಿತು: ಈಗ ನಿಲ್ಲಿಸು ಅಂದರೆ ಅವಳು ತುಳಿಯುವುದು ಬ್ರೇಕನ್ನೇ. ಫಸ್ಟ್ ಗೇರಿನಲ್ಲಿ ಬಂದರೆ ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಬ್ರೇಕಿನ ತಂಟೆಗೆ ಹೋಗದಿದ್ದರೆ ಬದುಕುತ್ತಾಳೆ.

ಎತ್ತಿದ ಕೈ ಇಳಿಸಿದೆ. ನನ್ನನ್ನು ನೋಡಿದರೂ ಗಾಬರಿಯಿಂದ ತುಳಿದಾಳು ಎಂದು ಜಾಲಿ ಮರದ ಹಿಂದೆ ಹೋಗಿ ನಿಂತೆ. ಹೆತ್ತ ಮಗಳ ಕಣ್ಣು ತಪ್ಪಿಸಿಕೊಂಡು ನೋಡಿದೆ. ಅರ್ಧ ದಾರಿಯಲ್ಲಿ ಹಿಂದಿನ ಎಡಚಕ್ರ ಕೊರಕಲಿನ ಮೇಲೆ ನೇತಾಡಿತು. ಆಕ್ಸಲ್ ಇಳಿದದ್ದು ನನಗೆ ಕಂಡಿತು. ಅವಳು ಬ್ರೇಕ್ ಮುಟ್ಟಲಿಲ್ಲ. ಕಲ್ಲುಕಟ್ಟೆಯನ್ನು ಮೊಳದಷ್ಟು ಅಂತರದಲ್ಲಿ ಬಿಟ್ಟು ಎಡಕ್ಕೆ ತಿರುಗಿ ಕೆಸರಿಗೆ ಇಳಿದಳು.

ಆಗ ನಾನು ಮರದ ಹಿಂದಿನಿಂದ ಬಂದೆ. ನನ್ನನ್ನು ಕಂಡದ್ದೇ ಬ್ರೇಕ್ ತುಳಿದಳು. ಕೊರಕಲಿನಲ್ಲಿ ಎಳೆದು ಸಡಿಲಾಗಿದ್ದ ಪೈಪು ಕಿತ್ತಿರಬೇಕು, ಗಾಡಿ ನಿಲ್ಲದೆ ಮುಂದಕ್ಕೇ ಜಾರಿತು. ಕೆಸರು ಬಾಗಿಲಿನವರೆಗೆ ಬಂದ ಮೇಲೆ ತಾನಾಗಿ ನಿಂತಿತು.

ಮಂಡಿಯುದ್ದ ಕೆಸರಿನಲ್ಲಿ ಕಾಲು ಕಿತ್ತುಕೊಂಡು ಹೋಗಿ ಬಾಗಿಲು ಹಿಡಿದೆ. ಅವಳು ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಕೂತಿದ್ದಳು. ಬ್ರೇಕ್ ಪೆಡಲ್ಲು ಪೂರ್ತಿ ಕೆಳಗೆ ಹೋಗಿತ್ತು, ಕಾಲು ಅದರ ಮೇಲೇ ಇತ್ತು. ನಾನು ಬಾಯಿ ತೆರೆಯುವ ಮೊದಲೇ ಅಂದಳು:

"ಬೈಬೇಡಪ್ಪಾ. ಬ್ರೇಕ್ ಹೋಯ್ತು. ನಾನೇ ಏನೋ ಹಾಳು ಮಾಡ್ಬಿಟ್ಟೆ ಅನ್ಸುತ್ತೆ."

ಅವಳು ಕಲ್ಲುಕಟ್ಟೆಯ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು. ದಾರಿಯುದ್ದಕ್ಕೂ ನನ್ನನ್ನು ಹಿಡಿದಿದ್ದ ಭಯಕ್ಕಿಂತ ದೊಡ್ಡದು ಆಗ ಎದೆಗೆ ಬಂದು ಕೂತಿತು.

"ನೀನಲ್ಲ ಕಣವ್ವ, ನಾನು," ಅಂದೆ. "ಹೊಸ ಪೈಪು ಹಾಕೋದೇ ಮರ್ತಿದ್ದೆ."

ಅವಳು ನಂಬಲಿಲ್ಲ. ಪೆಡಲ್ಲಿನಿಂದ ಕಾಲು ತೆಗೆಯದೆ, "ನಿಜವಾಗ್ಲೂ ಬೈಯಲ್ವಾ?" ಎಂದು ಇನ್ನೊಮ್ಮೆ ಕೇಳಿದಳು.