ಅಜ್ಜನನ್ನು ಎಲ್ಲಿ ಮಣ್ಣು ಮಾಡಿದರು

ಬೇಗೂರಿನ ನಮ್ಮ ಹೊಲದ ಖಾತೆ ಮೊನ್ನೆ ಮೊನ್ನೆಯವರೆಗೂ ನನ್ನ ತಾಯಿಯ ಅಪ್ಪನ ಹೆಸರಿನಲ್ಲೇ ಇತ್ತು. ಅದನ್ನು ಅವ್ವನ ಹೆಸರಿಗೆ ಮಾಡಿಸಲು ಹೋದಾಗ ಗ್ರಾಮ ಲೆಕ್ಕಿಗರು ವಂಶವೃಕ್ಷದ ಅರ್ಜಿಯನ್ನು ಮುಂದಿಟ್ಟು, ಅಜ್ಜ ತೀರಿಕೊಂಡ ದಿನ ಮತ್ತು ಊರು ಬರೆಯಿರಿ ಎಂದರು. ಎರಡೂ ನಮಗೆ ಗೊತ್ತಿರಲಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ದಂಡಿಗೆ ಸೇರಿ ಹೋದವನು ಅವನು. ಆಗ ಅವ್ವ ಇನ್ನೂ ಹೊಟ್ಟೆಯಲ್ಲಿದ್ದಳು. ಅವನು ಸತ್ತನೆಂದು ಸರ್ಕಾರದಿಂದ ಬಂದಿದ್ದ ಕಾಗದವನ್ನು ಯಾವಾಗಲೋ ಗೆದ್ದಲು ತಿಂದುಹಾಕಿತ್ತು. ಒಂದು ಫೋಟೋ ಕೂಡ ಇರಲಿಲ್ಲ.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಗುಣಿ ತೋಡಿ, ಕೂರಿಸಿ, ಎಡಗೈಯಲ್ಲಿ ಅವರ ಲಿಂಗವನ್ನಿಟ್ಟು, ಪತ್ರೆ ವಿಭೂತಿ ಸುರಿದು ಮಣ್ಣು ಮಾಡುತ್ತೇವೆ. ಅಜ್ಜಿ ಬದುಕಿರುವಷ್ಟು ಕಾಲವೂ ಗಂಡ ಸತ್ತದ್ದಕ್ಕಿಂತ ಹೆಚ್ಚಾಗಿ ಇದೊಂದನ್ನೇ ಕೇಳುತ್ತಿದ್ದಳು. ರಜೆಯ ಮೇಲೆ ಬಂದ ಯಾವ ಸಿಪಾಯಿ ಸಿಕ್ಕಿದರೂ ಸರಿ, ದಂಡಿನಲ್ಲಿ ಸತ್ತವರನ್ನು ಕೂರಿಸುತ್ತಾರೆಯೇ, ಕೈಯಲ್ಲಿ ಲಿಂಗ ಇಡುತ್ತಾರೆಯೇ ಎಂದು ವಿಚಾರಿಸುತ್ತಿದ್ದಳು. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಅಜ್ಜಿ ತೀರಿಕೊಂಡಳು. ಅವಳನ್ನು ಹೊಲದ ಬದುವಿನಲ್ಲಿ ಕೂರಿಸಿದೆವು. ಆಮೇಲೆ ಆ ಪ್ರಶ್ನೆ ಅವ್ವನದಾಯಿತು.

ನಾನು ಗುಂಡ್ಲುಪೇಟೆಯಲ್ಲಿ ಶಾಲಾ ಶಿಕ್ಷಕಿ. ಅವ್ವ ನನ್ನ ಜೊತೆಗೇ ಇದ್ದಾಳೆ, ಎಂಬತ್ತು ದಾಟಿದೆ. ಖಾತೆಯ ಕೆಲಸಕ್ಕೆ ಚಾಮರಾಜನಗರಕ್ಕೆ ಹೋಗಿ ಬಂದು ಮಾಡುತ್ತಿದ್ದಾಗ ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯವರ ಪರಿಚಯವಾಯಿತು. ಅವರು ಸೈನ್ಯದಿಂದ ನಿವೃತ್ತರಾಗಿ ಬಂದವರು. ನನ್ನ ಅರ್ಜಿಯಲ್ಲಿ ಖಾಲಿ ಬಿಟ್ಟಿದ್ದ ಜಾಗ ನೋಡಿ ವಿಷಯ ಕೇಳಿದರು. ಯುದ್ಧದಲ್ಲಿ ಸತ್ತವರ ಹೆಸರುಗಳೆಲ್ಲ ಈಗ ಕಂಪ್ಯೂಟರಿನಲ್ಲೇ ಸಿಗುತ್ತವೆ, ಹುಡುಕೋಣ ಎಂದರು.

ಮೊದಲ ದಿನ ಏನೂ ಸಿಗಲಿಲ್ಲ. ಅಜ್ಜನ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕಾರು ರೀತಿ ಬರೆದು ನೋಡಿದೆವು. ಮೂರನೇ ಸಲ ಹೋದಾಗ, ಊರಿನ ಹೆಸರು ತಪ್ಪಾಗಿ ಬಾಗೂರು ಎಂದಾಗಿದ್ದ ಒಂದು ದಾಖಲೆ ತೆರೆಯಿತು. ಮೈಸೂರು ಸಂಸ್ಥಾನ ಎಂದಿತ್ತು. ಅದರ ಪಕ್ಕದಲ್ಲಿ, ಇಂಥವಳ ಗಂಡ ಎಂದು ನಮ್ಮ ಅಜ್ಜಿಯ ಹೆಸರು. ನಮ್ಮ ಕಡೆ ಆ ಹೆಸರು ಅಪರೂಪ, ಇನ್ನೊಬ್ಬಳಿಗೆ ಇದ್ದದ್ದನ್ನು ನಾನು ಕೇಳಿಲ್ಲ. ರೇಷನ್ ಕಾರ್ಡು ಬಿಟ್ಟರೆ ಅಜ್ಜಿಯ ಹೆಸರನ್ನು ಅಚ್ಚಿನಲ್ಲಿ ನಾನು ನೋಡಿದ್ದು ಅದೇ ಮೊದಲು. ಅಂಗಡಿಯಲ್ಲಿ ನಿಂತೇ ಅತ್ತುಬಿಟ್ಟೆ. ಅವರು ಸ್ಟೂಲು ಎಳೆದು ಕೂರಿಸಿ ನೀರು ಕೊಟ್ಟರು.

ಆಮೇಲೆ ಉಳಿದದ್ದನ್ನು ಓದಿದೆವು. ಸತ್ತ ದಿನ ಇತ್ತು. ಊರು ಇಂಫಾಲ. ಅಲ್ಲಿನ ಯುದ್ಧ ಸ್ಮಶಾನದಲ್ಲಿ ಅಜ್ಜನಿಗೆ ಸಮಾಧಿ ಇರಲಿಲ್ಲ. ದಹನವಾದವರ ಸ್ಮಾರಕ ಎಂಬ ಕಲ್ಲಿನ ಮೇಲೆ ಹೆಸರು ಮಾತ್ರ ಇತ್ತು. ಹಿಂದೂ ಎಂದು ಬರೆಸಿದ್ದವರನ್ನೆಲ್ಲ ಆಗ ಸುಟ್ಟಿದ್ದಾರೆ, ಅಷ್ಟು ದೂರದಲ್ಲಿ ನಿಮ್ಮ ಪದ್ಧತಿ ಯಾರಿಗೆ ಗೊತ್ತಿರುತ್ತದೆ ಎಂದು ಅಂಗಡಿಯವರು ಮೆಲ್ಲಗೆ ಹೇಳಿದರು.

ಬಸ್ಸು ತೆರಕಣಾಂಬಿ ದಾಟುವವರೆಗೂ ಅವ್ವನಿಗೆ ಇದನ್ನು ಹೇಗೆ ಹೇಳುವುದೆಂದು ಯೋಚಿಸುತ್ತಿದ್ದೆ. ಮನೆಗೆ ಬಂದು ಅಜ್ಜಿಯ ಹೆಸರಿದ್ದ ಸಾಲನ್ನು ಓದಿದೆ. ಅವ್ವ ಆ ಕಾಗದವನ್ನು ಕೈಗೆ ತೆಗೆದುಕೊಂಡು, ಅಕ್ಷರ ಬಾರದಿದ್ದರೂ ಬಹಳ ಹೊತ್ತು ನೋಡಿದಳು. ಆಮೇಲೆ ನಾನು ಹೆದರಿದ್ದನ್ನೇ ಕೇಳಿದಳು.

“ಕೂರ್ಸುದ್ರಂತಾ?”

“ಹೂಂ ಕಣವ್ವ. ನಮ್ಮೋರೇ ಯಾರೋ ಜೊತೇಲಿ ಇದ್ರಂತ. ಕೂರ್ಸಿ, ಕೈಲಿ ಲಿಂಗ ಮಡಗಿ, ಎಲ್ಲಾನೂ ಮಾಡವ್ರಂತ” ಎಂದೆ.

ಹೇಳಬೇಕೆಂದು ಯೋಚಿಸಿ ಹೇಳಿದ್ದಲ್ಲ. ಅವಳ ಮುಖ ನೋಡುತ್ತಾ ಬಾಯಿಗೆ ಬಂದುಬಿಟ್ಟಿತು.

ಆ ವಾರವೆಲ್ಲ ಅವ್ವ ಅಷ್ಟು ಹಗುರವಾಗಿ ಓಡಾಡಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಬಂದ ನೆಂಟರಿಗೆಲ್ಲ ಹೇಳಿದಳು. ಪಕ್ಕದ ಮನೆಯವರಿಗೆ ಹೇಳಿದಳು, ಹಾಲಿನವನಿಗೂ ಹೇಳಿದಳು. ಅಪ್ಪನನ್ನು ಕೂರಿಸಿದ ಜಾಗವನ್ನು ಒಂದು ಸಲ ನೋಡಬೇಕು ಎಂದು ಶುರುಮಾಡಿದಳು. ಅವಳ ಮಂಡಿನೋವಿಗೆ ಮೈಸೂರೇ ದೂರ, ಇಂಫಾಲದ ಮಾತೆಲ್ಲಿ. ಆದರೆ ಜೆರಾಕ್ಸ್ ಅಂಗಡಿಯವರ ತಮ್ಮ ಸೈನ್ಯದಲ್ಲಿ ಹವಾಲ್ದಾರ್, ಆಗ ಇಂಫಾಲದ ಹತ್ತಿರವೇ ಇದ್ದರು. ಅಲ್ಲಿಗೆ ಹೋಗಿ ವೀಡಿಯೋ ಕಾಲ್ ಮಾಡಿ ಕಲ್ಲು ತೋರಿಸಲು ಅಂಗಡಿಯವರು ಅವರನ್ನು ಒಪ್ಪಿಸಿದರು. ಅಜ್ಜನ ಹೆಸರು ಮಾತ್ರ ತೋರಿಸಿದರೆ ಸಾಕು ಎಂದು ನಾನು ಹೇಳಿಕಳಿಸಿದೆ. ಏಕೆಂದು ಹೇಳಲಿಲ್ಲ. ಹೇಳಲು ನಾಚಿಕೆಯಾಗಿತ್ತು.

ಭಾನುವಾರ ಬೆಳಿಗ್ಗೆ ಅವ್ವ ತಲೆಗೆ ನೀರು ಹಾಕಿಕೊಂಡು, ಮಡಿಸಿಟ್ಟಿದ್ದ ಸೀರೆ ಉಟ್ಟು, ವಿಭೂತಿ ಇಟ್ಟುಕೊಂಡು ಹತ್ತು ಗಂಟೆಯಿಂದಲೇ ಕಾದು ಕೂತಿದ್ದಳು. ಕಾಲ್ ಬಂತು. ಹಸಿರು ಹುಲ್ಲು, ಸಾಲು ಗಿಡಗಳು, ಆಮೇಲೆ ಬಿಳಿಯ ದೊಡ್ಡ ಕಲ್ಲು. ಹವಾಲ್ದಾರರು ಬೆರಳಿಟ್ಟು ಹೆಸರು ತೋರಿಸಿದರು, ಗಟ್ಟಿಯಾಗಿ ಓದಿದರು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೇಳಿದಳು. ಇನ್ನೊಮ್ಮೆ ಓದು ಎಂದಳು. ಅವರು ಓದಿದರು. ಫೋನು ಇಸಿದುಕೊಳ್ಳಬೇಕೆಂದು ನಾನು ಕೈ ಚಾಚುವಷ್ಟರಲ್ಲಿ ಅವ್ವ ಕೇಳಿಯೇಬಿಟ್ಟಳು.

“ಮ್ಯಾಲ ದಪ್ಪಕ್ಷರದಲ್ಲಿ ಏನ ಬರ್ದವ್ರ ಮಗ?”

ಅವರು ಒಳ್ಳೆಯ ಮನುಷ್ಯ, ಕೇಳಿದ್ದನ್ನು ಹೇಳಿದರು. “ಈ ಸಿಪಾಯಿಗಳ ದೇಹವ ಬೆಂಕಿಗ ಒಪ್ಪುಸುದ್ರು ಅಂತ ಬರ್ದವ್ರ ಕಣಜ್ಜಿ.”

“ಬೆಂಕಿಗಾ?” ಎಂದಳು ಅವ್ವ.

“ಹೂಂ ಕಣಜ್ಜಿ.”

ಅವ್ವ ಅವರಿಗೆ ತಿಂಡಿ ಆಯಿತೇ ಎಂದು ವಿಚಾರಿಸಿದಳು. ಹೆಂಡತಿ ಮಕ್ಕಳು ಎಲ್ಲಿದ್ದಾರೆಂದು ಕೇಳಿದಳು. ಬಿಸಿಲಿನಲ್ಲಿ ನಿಲ್ಲಬೇಡ, ಹೋಗು ಎಂದು ಹೇಳಿ ಫೋನನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು.

ನಾಲ್ಕು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ಬಡಿಸಿದ್ದನ್ನು ಉಂಡಳು, ಮಾತ್ರೆ ಕೊಟ್ಟರೆ ನುಂಗಿದಳು, ನನ್ನ ಮುಖ ಮಾತ್ರ ನೋಡಲಿಲ್ಲ. ಐದನೆಯ ದಿನ ಅವಳ ತಲೆ ಬಾಚುತ್ತಿದ್ದಾಗ, ನಿನಗೆ ನೋವಾಗುತ್ತೆ ಅಂತ ಹೇಳಲಿಲ್ಲ ಕಣವ್ವ ಎಂದೆ. ಬೆನ್ನು ತಿರುಗಿಸಿಕೊಂಡೇ ಕೂತಿದ್ದ ಅವ್ವ ಆಗ ಮಾತಾಡಿದಳು.

“ಸುಟ್ಟುದ್ಕ ನಂಗ ಕ್ವಾಪ ಇಲ್ಲ ಕಣಮ್ಮಿ. ದಂಡ್ನಲ್ಲಿ ಯಾರು ಯಾರ್ನ ಕೂರ್ಸಾರು? ಸರ್ಕಾರದ ಕಾಗ್ದ ಬಂದಾಗ ಓದ್ದವ್ರು ನಮ್ಮವ್ವಂಗ, ಗಾಯ ಆಗದ, ಆಸ್ಪತ್ರಲವ್ನ, ಬತ್ತನ ಬುಡವ್ವ ಅಂದ್ರಂತ. ಹಸಿ ಬಾಣ್ತಿ ಪಾಪ ಅಂತ್ಲೇ ಅಂದ್ರು. ಎರಡು ವರ್ಸ ದಿನಾ ನನ್ನ ಸೊಂಟ್ಕ ಏರಿಸ್ಕಂಡು ರಸ್ತಗ ಓಗಿ ನಿಂತ್ಕತ್ತಿದ್ಲಂತ. ಊರಿಗೆಲ್ಲ ಗೊತ್ತಿತ್ತು, ಅವ್ಳಿಗೊಬ್ಳಿಗೇ ಗೊತ್ತಿರ್ನಿಲ್ಲ. ನೀನೂ ಪಾಪ ಅಂತ್ಲೇ ಅಂದ್ಬುಟ್ಟೆ.”

ಈ ವಿಷಯವನ್ನು ಅವ್ವ ಅದಕ್ಕೆ ಮುಂಚೆ ಯಾರಿಗೂ ಹೇಳಿರಲಿಲ್ಲ. ಉಳಿದ ಕೂದಲನ್ನು ಬಾಚಿ ತುರುಬು ಕಟ್ಟಿದೆ. ತಪ್ಪಾಯಿತು ಎಂದೆನೋ ಇಲ್ಲವೋ, ಈಗ ನೆನಪಿಲ್ಲ.

ಮಾರನೇ ದಿನ ಹೊಲಕ್ಕೆ ಕರೆದುಕೊಂಡು ಹೋಗು ಎಂದಳು. ಬೇಗೂರಿಗೆ ಆಟೋ ಮಾಡಿಕೊಂಡು ಹೋದೆವು. ಬದುವಿನವರೆಗೆ ನನ್ನ ಹೆಗಲು ಹಿಡಿದು ನಡೆದಳು. ಅಜ್ಜಿಯ ಸಮಾಧಿಯ ಮೇಲೆ ಬೆಳೆದಿದ್ದ ಹುಲ್ಲನ್ನು ಕೈಯಾರೆ ಕಿತ್ತು, ಅದರ ಮಗ್ಗುಲಲ್ಲೇ ನೆಲದ ಮೇಲೆ ಕೂತಳು.

“ಅವ್ವ, ಅಪ್ಪಯ್ಯನ್ನ ಕೂರ್ಸ್ನಿಲ್ವಂತ. ಸುಟ್ಬುಟ್ರಂತ. ಕಲ್ಲಿನ ಮ್ಯಾಲ ಎಸ್ರು ಅದ, ನಾ ನೋಡ್ದಿ. ಇನ್ನು ಯಾರ್ನೂ ಕೇಳ್ಬ್ಯಾಡ” ಎಂದಳು.

ಅಷ್ಟನ್ನೇ ಹೇಳಿ, ಆಮೇಲೆ ತುಂಬಾ ಹೊತ್ತು ಅತ್ತಳು. ಕಂಡೇ ಇರದ ಅಪ್ಪನಿಗಾಗಿ ಅಷ್ಟು ವಯಸ್ಸಿನ ಹೆಂಗಸು ಅಳುತ್ತಿರುವಾಗ ನನಗೆ ಅವಳನ್ನು ಮುಟ್ಟಲೂ ಧೈರ್ಯವಾಗಲಿಲ್ಲ. ಸ್ವಲ್ಪ ದೂರದಲ್ಲಿ ಅವಳ ಚಪ್ಪಲಿ ಹಿಡಿದುಕೊಂಡು ನಿಂತಿದ್ದೆ.

ಖಾತೆ ಈಗ ಅವ್ವನ ಹೆಸರಿಗೆ ಆಗಿದೆ. ಅರ್ಜಿಯಲ್ಲಿ ಸತ್ತ ದಿನವನ್ನೂ ಇಂಫಾಲ ಎಂಬ ಊರನ್ನೂ ನಾನೇ ಬರೆದೆ. ಅವ್ವ ಮೊದಲಿನಂತೆಯೇ ನನ್ನ ಜೊತೆ ಮಾತಾಡುತ್ತಾಳೆ, ನಗುತ್ತಾಳೆ, ಸಾರಿಗೆ ಉಪ್ಪು ಸಾಲದೆಂದು ಬೈಯುತ್ತಾಳೆ. ಆದರೆ ಡಾಕ್ಟರು ಏನೆಂದರೆಂದೋ, ನೆಂಟರಲ್ಲಿ ಯಾರಿಗೋ ಹುಷಾರಿಲ್ಲವೆಂದೋ ನಾನು ಹೇಳಿದಾಗ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡುತ್ತಾಳೆ. ಆಮೇಲೆ, “ದಿಟ್ವಾ ಕಣಮ್ಮಿ?” ಎಂದು ಕೇಳುತ್ತಾಳೆ.